ಉಕ್ಕಿನ ನಗರ ಭದ್ರಾವತಿ: ಕೈಗಾರಿಕೆಯ ಏಳುಬೀಳು ಮತ್ತು ಕಾರ್ಮಿಕ ಕುಟುಂಬಗಳು ಹೊಂದಿರಬೇಕಾದ ದಾಖಲೆಗಳು

ಪೀಠಿಕೆ

ಒಂದು ಬೃಹತ್ ಕಾರ್ಖಾನೆಯನ್ನೇ ಆಧರಿಸಿ ಬೆಳೆದ ನಗರದಲ್ಲಿ ಉದ್ಯೋಗ, ವಸತಿ, ಆಸ್ಪತ್ರೆ, ಶಾಲೆ, ನೀರು ಮತ್ತು ಬೀದಿದೀಪಗಳೆಲ್ಲವೂ ಆ ಕಾರ್ಖಾನೆಯ ಆಶ್ರಯದಲ್ಲಿರುತ್ತವೆ. ಕಾರ್ಖಾನೆ ಕ್ಷೀಣಿಸಿದಾಗ ವೇತನದೊಂದಿಗೆ ಈ ಎಲ್ಲ ಸೌಲಭ್ಯಗಳೂ ಕುಗ್ಗುತ್ತವೆ. ಕರ್ನಾಟಕದಲ್ಲಿ ಇದಕ್ಕೆ ಪ್ರಮುಖ ನಿದರ್ಶನ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ನಗರ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಹೊಂದಿಕೊಂಡಿದೆ. ಶಿಗ್ಗಾಂವ, ಸವಣೂರು, ಹಾನಗಲ್ಲ ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ವಾಸಿಸುತ್ತಿದ್ದು, ಭದ್ರಾವತಿ, ಹರಿಹರ, ದಾವಣಗೆರೆ ಮುಂತಾದ ಕೈಗಾರಿಕಾ ಕೇಂದ್ರಗಳಲ್ಲಿ ಕುಟುಂಬದ ಸದಸ್ಯರು ದುಡಿದಿರುವ ನಾಗರಿಕರಿಗೆ ಈ ಲೇಖನವು ಉಪಯುಕ್ತವಾಗಿದೆ. ಭದ್ರಾವತಿಯ ಕೈಗಾರಿಕಾ ಇತಿಹಾಸ, ಅವನತಿಯ ಕಾರಣಗಳು, ನಗರವು ಕಂಡುಕೊಳ್ಳುತ್ತಿರುವ ಹೊಸ ದಾರಿಗಳು ಹಾಗೂ ಇಂತಹ ಕುಟುಂಬಗಳು ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಖಾನೆಯ ಸ್ಥಾಪನೆ

ಭದ್ರಾ ನದಿಯ ದಂಡೆಯ ಮೇಲಿರುವ ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ (1912-1918) ಅವಧಿಯಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡಿತು. 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್' ಎಂಬ ಹೆಸರಿನ ಈ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದ ಕಠಿಣ ವರ್ಷಗಳಲ್ಲಿ, ಅಂದರೆ 1923ರಿಂದ 1929ರವರೆಗೆ, ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಯನಿರ್ವಹಿಸಿದರು.

ಸ್ಥಳದ ಆಯ್ಕೆಗೆ ಸ್ಪಷ್ಟ ಕಾರಣಗಳಿದ್ದವು. ಕಬ್ಬಿಣದ ಅದಿರು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯ ಬೆಟ್ಟಗಳಲ್ಲಿ ದೊರೆಯುತ್ತಿತ್ತು. ಅದಿರನ್ನು ಬೆಟ್ಟದಿಂದ ತಣಿಗೆಬೈಲಿನವರೆಗೆ ತೂಗುತೊಟ್ಟಿಗಳ ಹಗ್ಗದ ಮಾರ್ಗದಲ್ಲಿಯೂ, ಅಲ್ಲಿಂದ ಕಾರ್ಖಾನೆಗೆ ಟ್ರಾಮ್ ಹಳಿಯ ಮೇಲೂ ಸಾಗಿಸಲಾಗುತ್ತಿತ್ತು. ನೀರಿಗೆ ಭದ್ರಾ ನದಿ ಇತ್ತು. ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಕಟ್ಟಿಗೆಯಿಂದ ತಯಾರಿಸಲಾಗುತ್ತಿತ್ತು. ಕಟ್ಟಿಗೆಯನ್ನು ಇದ್ದಿಲಾಗಿಸುವಾಗ ದೊರೆಯುವ ಮದ್ಯಸಾರ, ಡಾಂಬರು ಮೊದಲಾದ ಉಪಉತ್ಪನ್ನಗಳನ್ನೂ ಮಾರಾಟ ಮಾಡಲಾಗುತ್ತಿತ್ತು.

1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟ್ ಉತ್ಪಾದನೆ ಸೇರಿದವು. ಅದೇ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆಯೂ (ಎಂ.ಪಿ.ಎಂ.) ಇಲ್ಲಿ ಸ್ಥಾಪನೆಯಾಯಿತು. 1962ರಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಂಪನಿಯಾಗಿ ಪರಿವರ್ತಿಸಲಾಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಡಲಾಯಿತು. ನ್ಯೂ ಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು ಈ ಎರಡು ಕಾರ್ಖಾನೆಗಳ ವಸತಿ ಪ್ರದೇಶಗಳಾಗಿ ಬೆಳೆದವು.

ಅವನತಿಯ ಕಾರಣಗಳು

ಕಾರ್ಖಾನೆಯ ಅವನತಿಗೆ ಒಬ್ಬ ವ್ಯಕ್ತಿಯನ್ನಾಗಲಿ ಒಂದು ವರ್ಷವನ್ನಾಗಲಿ ಕಾರಣವೆಂದು ಹೇಳಲಾಗದು. ಇದರ ಮೂಲ ಉತ್ಪಾದನಾ ವೆಚ್ಚದ ಲೆಕ್ಕಾಚಾರದಲ್ಲಿದೆ.

1. ಇಂಧನ: ಕಾಡಿನ ಕಟ್ಟಿಗೆಯನ್ನು ಅವಲಂಬಿಸಿದ ಇದ್ದಿಲಿನ ಕುಲುಮೆಗೆ ಬೆಳೆಯಲು ಮಿತಿ ಇತ್ತು. 1950ರ ದಶಕದಲ್ಲಿ ಜಲವಿದ್ಯುತ್ತಿನಿಂದ ನಡೆಯುವ ವಿದ್ಯುತ್ ಕುಲುಮೆಗಳು ಬಂದವು. ಅಗ್ಗದ ವಿದ್ಯುತ್ ದೊರೆಯುವವರೆಗೆ ಮಾತ್ರ ಇವು ಲಾಭದಾಯಕವಾಗಿದ್ದವು. ಕುಲುಮೆಗೆ ಬೇಕಾದ ಕೋಕ್ ಕಲ್ಲಿದ್ದಲು ಕರ್ನಾಟಕದಲ್ಲಿ ದೊರೆಯುವುದಿಲ್ಲ. ಬಂದರಿನಿಂದ ದೂರವಿರುವ ಭದ್ರಾವತಿಗೆ ಅದನ್ನು ತರಿಸುವ ಸಾಗಾಣಿಕೆ ವೆಚ್ಚ ಹೆಚ್ಚು.

2. ಅದಿರು: ಒಂದು ಟನ್ ಕಬ್ಬಿಣ ತಯಾರಿಸಲು ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ನಂತರ ಕಾರ್ಖಾನೆಯು ಅದಿರನ್ನು ಮಾರುಕಟ್ಟೆ ದರದಲ್ಲಿ ಕೊಳ್ಳಬೇಕಾಯಿತು. ಸ್ವಂತ ಗಣಿ ಹೊಂದಿದ ಕಾರ್ಖಾನೆಯೊಂದಿಗೆ ಇಂತಹ ಕಾರ್ಖಾನೆಯು ದರದಲ್ಲಿ ಸ್ಪರ್ಧಿಸುವುದು ಕಷ್ಟ.

3. ಗಾತ್ರ ಮತ್ತು ಬಂಡವಾಳ: ದೇಶದ ಹೊಸ ಉಕ್ಕು ಸ್ಥಾವರಗಳು ಭಾರಿ ಪ್ರಮಾಣದಲ್ಲಿ ಉತ್ಪಾದಿಸಿ ಪ್ರತಿ ಟನ್ನಿನ ವೆಚ್ಚವನ್ನು ತಗ್ಗಿಸಿದವು. ಭದ್ರಾವತಿಯ ಸ್ಥಾವರ ಚಿಕ್ಕದು. ವಿಶೇಷ ದರ್ಜೆಯ ಉಕ್ಕು ತಯಾರಿಸುವ ಪರಿಣತಿ ಇದ್ದರೂ ಯಂತ್ರಗಳ ನವೀಕರಣಕ್ಕೆ ಬೇಕಾದ ಹೂಡಿಕೆ ಸಕಾಲದಲ್ಲಿ ಬರಲಿಲ್ಲ.

ಸದರಿ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಅಂಗಸಂಸ್ಥೆಯಾಯಿತು ಮತ್ತು 1998ರಲ್ಲಿ ಅದರಲ್ಲಿ ವಿಲೀನಗೊಂಡಿತು. 2016ರಲ್ಲಿ ಕೇಂದ್ರ ಸರ್ಕಾರವು ಬಂಡವಾಳ ಹಿಂತೆಗೆತಕ್ಕೆ ತಾತ್ವಿಕ ಅನುಮೋದನೆ ನೀಡಿತು. ಖರೀದಿದಾರರು ಮುಂದುವರಿಯದ ಕಾರಣ 2022ರಲ್ಲಿ ಆ ಪ್ರಕ್ರಿಯೆಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಮತ್ತು ನಾಗರಿಕರು ದೀರ್ಘಕಾಲ ಹೋರಾಟ ನಡೆಸಿದರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಉಕ್ಕಿನ ಸರಳುಗಳನ್ನು ತಯಾರಿಸುವ ಬಾರ್ ಮಿಲ್ ಪುನಃ ಕಾರ್ಯಾರಂಭ ಮಾಡಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿಯೇ ನಿಂತಿತ್ತು.

ಈ ಬದಲಾವಣೆಯ ಪರಿಣಾಮ ಜನಗಣತಿಯಲ್ಲಿಯೂ ಕಂಡುಬರುತ್ತದೆ. 2001ರಲ್ಲಿ ಸುಮಾರು 1.60 ಲಕ್ಷವಿದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ರಾಜ್ಯದ ಬಹುತೇಕ ನಗರಗಳು ಬೆಳೆಯುತ್ತಿದ್ದ ದಶಕದಲ್ಲಿ ಭದ್ರಾವತಿಯಿಂದ ಜನರು ಹೊರಹೋದರು.

ಇತರ ನಗರಗಳ ಅನುಭವ

ಗಣಿ ಅಥವಾ ಕಾರ್ಖಾನೆ ನಿಂತ ಊರುಗಳು ಒಂದೇ ದಾರಿ ಹಿಡಿದಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ನಂತರ ಕೋಲಾರ ಚಿನ್ನದ ಗಣಿ ಪ್ರದೇಶದ (ಕೆ.ಜಿ.ಎಫ್.) ಸಾವಿರಾರು ಜನರು ಪ್ರತಿನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತು, ಗಣಿ ಪಟ್ಟಣ ಬಹುಮಟ್ಟಿಗೆ ಬರಿದಾಯಿತು. ಜರ್ಮನಿಯ ಎಸ್ಸೆನ್ ನಗರದಲ್ಲಿ 1986ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿಯ ಕಟ್ಟಡಗಳನ್ನು ಕೆಡವದೆ ವಸ್ತುಸಂಗ್ರಹಾಲಯವಾಗಿ ಪರಿವರ್ತಿಸಲಾಯಿತು. 2001ರಲ್ಲಿ ಆ ಪ್ರದೇಶವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಭದ್ರಾವತಿಯಲ್ಲಿ ಇಂತಹ ಒಂದು ಬದಲಾವಣೆ ಈಗಾಗಲೇ ಕಾಣುತ್ತದೆ. ಅದಿರು ಒದಗಿಸುತ್ತಿದ್ದ ಕೆಮ್ಮಣ್ಣುಗುಂಡಿಯು ಇಂದು ತೋಟಗಾರಿಕೆ ಇಲಾಖೆಯ ಗಿರಿಧಾಮವಾಗಿ ಪ್ರವಾಸಿಗರನ್ನು ಆಕರ್ಷಿಸುತ್ತಿದೆ. 2021ರ ಜನವರಿಯಲ್ಲಿ ನಗರದಲ್ಲಿ ಕ್ಷಿಪ್ರ ಕಾರ್ಯಪಡೆಯ (ಆರ್.ಎ.ಎಫ್.) ಕೇಂದ್ರಕ್ಕೆ ಶಂಕುಸ್ಥಾಪನೆ ನೆರವೇರಿತು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಹೊಯ್ಸಳ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಭದ್ರಾ ಜಲಾಶಯ ಹಾಗೂ ಭದ್ರಾ ನಾಲೆಗಳಿಂದ ನೀರು ಪಡೆಯುವ ಭತ್ತ, ಅಡಿಕೆ ಬೆಳೆಯ ಪ್ರದೇಶಗಳು ಪ್ರವಾಸೋದ್ಯಮ ಮತ್ತು ಕೃಷಿ ಆಧಾರಿತ ಉದ್ಯಮಗಳಿಗೆ ಅನುಕೂಲವಾಗಿವೆ. ಆದರೆ ಒಂದು ಉಕ್ಕಿನ ಕಾರ್ಖಾನೆ ನೀಡುತ್ತಿದ್ದ ಕಾಯಂ ಉದ್ಯೋಗವನ್ನು ಇವು ಒಮ್ಮೆಲೇ ತುಂಬಿಕೊಡಲಾರವು. ಆದ್ದರಿಂದ ನಡುವಿನ ವರ್ಷಗಳಲ್ಲಿ ಪ್ರತಿಯೊಂದು ಕುಟುಂಬಕ್ಕೂ ತನ್ನ ಹಕ್ಕಿನ ಹಣ ಮತ್ತು ದಾಖಲೆಗಳು ಕೈಸೇರುವುದು ಅತಿ ಮುಖ್ಯ.

ಕಾರ್ಮಿಕ ಕುಟುಂಬಗಳು ಗಮನಿಸಬೇಕಾದ ಅಂಶಗಳು

ಕಾರ್ಖಾನೆ ನಡೆಯುತ್ತಿರುವವರೆಗೆ ಕಾರ್ಮಿಕನ ಗುರುತಿನ ಚೀಟಿಯೇ ಎಲ್ಲದಕ್ಕೂ ಸಾಲುತ್ತದೆ. ಕಾರ್ಖಾನೆ ನಿಂತ ಮೇಲೆ ಅದೇ ಚೀಟಿಗೆ ಬೆಲೆ ಇರುವುದಿಲ್ಲ. ಈ ಕಾರಣದಿಂದ ಕೆಳಕಂಡ ಅಂಶಗಳನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ.

(ಅ) ವಸತಿಗೃಹ: ಕಾರ್ಖಾನೆಯ ವಸತಿಗೃಹದಲ್ಲಿ ಎಷ್ಟು ವರ್ಷ ವಾಸವಿದ್ದರೂ ಅದರಿಂದ ಮಾಲೀಕತ್ವದ ಹಕ್ಕು ತಾನಾಗಿ ಬರುವುದಿಲ್ಲ. ಹಂಚಿಕೆ ಆದೇಶ, ಬಾಡಿಗೆ ಕಡಿತದ ವೇತನ ಚೀಟಿ, ಗುತ್ತಿಗೆ ಕರಾರುಪತ್ರ ಇದ್ದಲ್ಲಿ ಅವನ್ನು ಜೋಪಾನವಾಗಿಡಬೇಕು. ಇವು ಹಕ್ಕುಪತ್ರವಲ್ಲದಿದ್ದರೂ ವಾಸಸ್ಥಳದ ಪುರಾವೆಯಾಗಿ ನೆರವಾಗುತ್ತವೆ.

(ಆ) ಭವಿಷ್ಯ ನಿಧಿ ಮತ್ತು ಪಿಂಚಣಿ: ಸಂಸ್ಥೆ ಮುಚ್ಚಿದ ಮಾತ್ರಕ್ಕೆ ಭವಿಷ್ಯ ನಿಧಿಯ ಹಕ್ಕು ನಶಿಸುವುದಿಲ್ಲ. ಕೆಲವು ದೊಡ್ಡ ಕಾರ್ಖಾನೆಗಳಲ್ಲಿ ನಿಧಿಯನ್ನು ಸಂಸ್ಥೆಯ ಸ್ವಂತ ಟ್ರಸ್ಟ್ ನಿರ್ವಹಿಸುತ್ತದೆ. ಅಂತಹ ಕಡೆಯೂ ಪಿಂಚಣಿಯ ಭಾಗ ನೌಕರರ ಭವಿಷ್ಯ ನಿಧಿ ಸಂಘಟನೆಯಲ್ಲಿರುತ್ತದೆ. ಕನಿಷ್ಠ 10 ವರ್ಷಗಳ ಅರ್ಹ ಸೇವೆ ಪೂರೈಸಿದವರಿಗೆ 58 ವರ್ಷ ವಯಸ್ಸಿನಲ್ಲಿ ಪಿಂಚಣಿ ದೊರೆಯುತ್ತದೆ. 10 ವರ್ಷ ಸೇವೆ ಪೂರೈಸಿ, ಆ ವಯಸ್ಸಿಗೆ ಮುಂಚೆಯೇ ಕೆಲಸ ಕಳೆದುಕೊಂಡವರು ನಮೂನೆ 10-ಸಿ ಮೂಲಕ ಯೋಜನಾ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಹಿಂದಿನ ಸೇವೆ ಉಳಿಯುತ್ತದೆ. ಪಿಂಚಣಿಗಾಗಿ ಮತ್ತು ಸದಸ್ಯರು ಮೃತಪಟ್ಟಿದ್ದಲ್ಲಿ ಕುಟುಂಬ ಪಿಂಚಣಿಗಾಗಿ ನಮೂನೆ 10-ಡಿ ಸಲ್ಲಿಸಬೇಕು. 2025ರ ಜನವರಿಯಿಂದ ಪಿಂಚಣಿಯನ್ನು ದೇಶದ ಯಾವುದೇ ಬ್ಯಾಂಕ್ ಶಾಖೆಯಲ್ಲಿ ಪಡೆಯುವ ವ್ಯವಸ್ಥೆ ಜಾರಿಯಲ್ಲಿದೆ. ಆದ್ದರಿಂದ ಸ್ವಂತ ಊರಿಗೆ ಮರಳಿದವರು ಪಿಂಚಣಿ ಪಾವತಿ ಆದೇಶವನ್ನು ವರ್ಗಾಯಿಸಿಕೊಳ್ಳುವ ಅಗತ್ಯವಿಲ್ಲ. ಜೀವಂತ ಪ್ರಮಾಣಪತ್ರವನ್ನು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಸಲ್ಲಿಸಬೇಕು.

(ಇ) ಹೆಸರಿನ ವ್ಯತ್ಯಾಸ: ಕಾರ್ಖಾನೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರವಿದ್ದು, ಆಧಾರ್‌ನಲ್ಲಿ ಮನೆತನದ ಅಡ್ಡಹೆಸರು ಇರುವುದು ಹಾವೇರಿ ಜಿಲ್ಲೆಯವರ ಅರ್ಜಿಗಳಲ್ಲಿ ಸಹಜ. ಜನ್ಮ ದಿನಾಂಕದಲ್ಲಿಯೂ ಹೀಗಾಗುವುದುಂಟು. ಸೇವೆಯಲ್ಲಿರುವಾಗಲೇ ತಿದ್ದುಪಡಿ ಮಾಡಿಸಿಕೊಂಡರೆ ಸುಲಭ. ದೃಢೀಕರಿಸುವ ಕಚೇರಿಯೇ ಇಲ್ಲವಾದ ಮೇಲೆ ಈ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ.

(ಈ) ಗುತ್ತಿಗೆ ಕಾರ್ಮಿಕರು: ಕಾರ್ಖಾನೆ ಕುಗ್ಗಿದಾಗ ಮೊದಲು ಹೊರಬೀಳುವವರು ಗುತ್ತಿಗೆ ಕಾರ್ಮಿಕರು. ಇವರಲ್ಲಿ ಅನೇಕರ ಬಳಿ ನೇಮಕಾತಿ ಪತ್ರವೂ ಇರುವುದಿಲ್ಲ. ಗುತ್ತಿಗೆದಾರರು ಭವಿಷ್ಯ ನಿಧಿ ವಂತಿಗೆ ಪಾವತಿಸದಿದ್ದಲ್ಲಿ ಮುಖ್ಯ ನಿಯೋಜಕ ಸಂಸ್ಥೆಯೂ ಹೊಣೆಯಾಗುತ್ತದೆ. ವೇತನ ಚೀಟಿ, ಪ್ರವೇಶ ಪಾಸು, ಬ್ಯಾಂಕ್ ಪಾಸ್ ಪುಸ್ತಕದ ನಮೂದುಗಳು ಇಲ್ಲಿ ಪುರಾವೆಯಾಗುತ್ತವೆ. ವೆಲ್ಡಿಂಗ್, ಫಿಟ್ಟಿಂಗ್ ಮುಂತಾದ ಕೆಲಸಗಳಲ್ಲಿ ಅನುಭವವಿದ್ದು ಪ್ರಮಾಣಪತ್ರವಿಲ್ಲದವರು ಕೌಶಲ್ಯ ಯೋಜನೆಗಳ 'ಪೂರ್ವ ಕಲಿಕೆಯ ಮಾನ್ಯತೆ'ಯಡಿ ಪರೀಕ್ಷೆ ಎದುರಿಸಿ ಪ್ರಮಾಣಪತ್ರ ಪಡೆಯಬಹುದು. ಸ್ವಂತ ವರ್ಕ್‌ಶಾಪ್ ತೆರೆಯುವವರಿಗೆ ಉದ್ಯಮ್ ನೋಂದಣಿ ಉಚಿತವಾಗಿರುತ್ತದೆ. ಇದಕ್ಕಾಗಿ ಯಾವುದೇ ಮಧ್ಯವರ್ತಿಗೆ ಹಣ ನೀಡಬೇಕಾಗಿಲ್ಲ.

(ಉ) ವಾಸಸ್ಥಳ ಬದಲಾವಣೆ: ಬೇರೆ ಊರಿಗೆ ಹೋಗಿ ನೆಲೆಸಿದವರು ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಲ್ಲಿಸಬೇಕು. ವಾಸಸ್ಥಳ ಪ್ರಮಾಣಪತ್ರ ಮುಂತಾದವುಗಳಿಗೆ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಮಕ್ಕಳ ಜನನವು ಕಾರ್ಖಾನೆಯ ಆಸ್ಪತ್ರೆಯಲ್ಲಿ ಆಗಿದ್ದಲ್ಲಿ, ಆಸ್ಪತ್ರೆಯ ಚೀಟಿಯು ಜನನ ಪ್ರಮಾಣಪತ್ರವಲ್ಲ ಎಂಬುದನ್ನು ಗಮನಿಸಬೇಕು. ಜನನ ಸಂಭವಿಸಿದ ಸ್ಥಳದ ನೋಂದಣಾಧಿಕಾರಿಯಿಂದಲೇ ಪ್ರಮಾಣಪತ್ರ ಪಡೆಯಬೇಕು. ಆದ್ದರಿಂದ ಊರು ಬಿಡುವ ಮುನ್ನವೇ ಇದನ್ನು ಪಡೆದುಕೊಂಡರೆ ಮತ್ತೆ ಅಲೆದಾಡುವುದು ತಪ್ಪುತ್ತದೆ.

ಉಪಸಂಹಾರ

ಭದ್ರಾವತಿಯ ಕುಲುಮೆಗಳಲ್ಲಿ ಮೂರು ತಲೆಮಾರುಗಳು ದುಡಿದಿವೆ. ಕಾರ್ಖಾನೆಯ ಭವಿಷ್ಯವನ್ನು ಅದಿರು, ಬಂಡವಾಳ ಮತ್ತು ಮಾರುಕಟ್ಟೆಗಳು ನಿರ್ಧರಿಸುತ್ತವೆ. ಅದು ಕಾರ್ಮಿಕನ ಕೈಯಲ್ಲಿಲ್ಲ. ದುಡಿದ ವರ್ಷಗಳ ದಾಖಲೆ ಮಾತ್ರ ಆತನ ಕೈಯಲ್ಲಿಯೇ ಇರಬೇಕು. ಆ ದಾಖಲೆ ಇದ್ದಲ್ಲಿ ಆತನ ಪತ್ನಿಗೆ ಪಿಂಚಣಿ, ಮಗನಿಗೆ ಕೌಶಲ್ಯ ಪ್ರಮಾಣಪತ್ರ, ಮೊಮ್ಮಗಳಿಗೆ ಶಾಲಾ ಪ್ರವೇಶ ಎಲ್ಲವೂ ಸುಗಮವಾಗುತ್ತವೆ. ಕುಟುಂಬದಲ್ಲಿ ಇಂತಹ ಹಳೆಯ ಕಾಗದಪತ್ರಗಳಿದ್ದಲ್ಲಿ ಅವನ್ನು ಹುಡುಕಿ, ಹೆಸರು ಮತ್ತು ದಿನಾಂಕಗಳನ್ನು ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ಸಂಬಂಧಪಟ್ಟ ಕಚೇರಿಗೆ ವಿಳಂಬವಿಲ್ಲದೆ ಅರ್ಜಿ ಸಲ್ಲಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.