ನಿಧಿ ಎಲ್ಲಿದೆ, ನೋಡಿ

ನಿಧಿಯಿದ್ದಲ್ಲಿ ಸರ್ಪದ ಕಾವಲಿರುತ್ತದೆ ಎಂಬ ಮಾತನ್ನು ಚಿಕ್ಕಂದಿನಲ್ಲಿ ಕೇಳದವರು ನಮ್ಮಲ್ಲಿ ವಿರಳ. ಆದುದರಿಂದ ಹಳಿಯಾಳ, ದಾಂಡೇಲಿ, ಜೋಯಿಡಾಗಳಿಂದ ಮುಂಡಗೋಡಿಗೆ ಹೋದವರು ಅಲ್ಲಿ ಟಿಬೆಟಿಯನ್ನರ ಶೈಲಿಯ ಚಿತ್ರವೊಂದರಲ್ಲಿ ರತ್ನ ಹಿಡಿದ ಡ್ರ್ಯಾಗನ್ನನ್ನು ಕಂಡರೆ, ‘ಇದೂ ನಿಧಿ ಕಾಯುವ ಹಾವೇ’ ಎಂದುಕೊಳ್ಳುವುದು ಸಹಜ. ಆದರೆ ಅದು ಸರಿಯೆ?

ಇಂಥ ಚಿತ್ರಗಳನ್ನು ಅರಿಯಲು ಸುಲಭವಾದ ದಾರಿಯೊಂದಿದೆ. ಮೃಗದ ಮೋರೆಯನ್ನು ನೋಡುವ ಮೊದಲು ನಿಧಿ ಎಲ್ಲಿದೆಯೆಂದು ನೋಡಿ.

ಯುರೋಪಿನ ಡ್ರ್ಯಾಗನ್ ಸಾಮಾನ್ಯವಾಗಿ ಹೊನ್ನಿನ ರಾಶಿಯ ಮೇಲೆ ಮಲಗಿರುತ್ತದೆ. ಅಲ್ಲಿಯ ಉತ್ತರದೇಶಗಳ ಪುರಾಣಕಥೆಯ ಫಾಫ್ನಿರನು ಮೊದಲು ಹಾವಾಗಿರಲಿಲ್ಲ. ಹೊನ್ನಿನಾಸೆಗೆ ತಂದೆಯನ್ನೇ ಕೊಂದು, ಅದನ್ನು ಕಾಯುತ್ತ ಘೋರಸರ್ಪವಾದನು. ಅಲ್ಲಿ ಮೃಗವೆಂದರೆ ಲೋಭವೇ.

ಟಿಬೆಟಿನ ಡ್ರ್ಯಾಗನ್ ಆಕಾಶದ ಜೀವಿ. ಅದರ ಹೆಸರು ‘ಡ್ರುಕ್’. ಗುಡುಗು ಅದರ ದನಿ. ರತ್ನ ಅದರ ಹೊಟ್ಟೆಯಡಿಯಲ್ಲಿಲ್ಲ, ಪಂಜದಲ್ಲಿದೆ. ನೆರೆಯ ಭೂತಾನದ ಧ್ವಜದಲ್ಲಿಯೂ ಇದೇ ಡ್ರ್ಯಾಗನ್ ಇದೆ; ಅದು ಹಿಡಿದ ರತ್ನಗಳು ನಾಡಿನ ಸಮೃದ್ಧಿಯ ಗುರುತು.

ಇನ್ನು ಟಿಬೆಟಿಯನ್ ದೇವಾಲಯಗಳ ಬಾಗಿಲ ಬಳಿ ನಾಲ್ಕು ದಿಕ್ಕುಗಳ ರಾಜರನ್ನು ಬರೆಯುವ ವಾಡಿಕೆಯುಂಟು. ಅವರಲ್ಲಿ ಉತ್ತರದ ರಾಜ ವೈಶ್ರವಣ. ಈತ ಬೇರೆ ಯಾರೂ ಅಲ್ಲ, ನಮ್ಮ ಕುಬೇರನೇ. ಅವನ ಎಡಗೈಯಲ್ಲೊಂದು ಮುಂಗುಸಿ. ಅದು ಬಾಯಿಂದ ರತ್ನಗಳನ್ನು ಉಗುಳುತ್ತದೆ. ಹಾವು ಸಂಪತ್ತನ್ನು ಬಚ್ಚಿಟ್ಟು ಕಾಯುವುದಾದರೆ, ಹಾವಿನ ವೈರಿ ಅದನ್ನು ಹೊರಗೆ ಚೆಲ್ಲುತ್ತದೆ. ಹಿಂದೆ ಮುಂಗುಸಿಯ ತೊಗಲಿನಿಂದ ಹಣದ ಚೀಲ ಮಾಡುತ್ತಿದ್ದುದೇ ಈ ಕಲ್ಪನೆಗೆ ಮೂಲವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಹೇಗಿದ್ದರೂ ಚಿತ್ರದ ಮಾತು ಸ್ಪಷ್ಟ: ಕೊಟ್ಟಾಗಲೇ ಸಂಪತ್ತು ಸಂಪತ್ತು.

ಇದು ಬರಿಯ ಚಿತ್ರದ ಮಾತಲ್ಲ. ನಿಧಿಯ ಆಸೆಗೆ ಬಿದ್ದವರು ನಮ್ಮ ನಾಡಿನಲ್ಲಿ ಎಷ್ಟೋ ಹಳೆಯ ಗುಡಿಗಳ ನೆಲ ಅಗೆದಿದ್ದಾರೆ, ವಿಗ್ರಹಗಳನ್ನು ಕಿತ್ತಿದ್ದಾರೆ. ಇಲ್ಲದ ಹೊನ್ನನ್ನು ಹುಡುಕಿ, ಇದ್ದ ಕಲೆಯನ್ನು ಕಳೆದಿದ್ದಾರೆ. ಇತ್ತ ಮುಂಡಗೋಡಿನಲ್ಲಿ 1966ರಲ್ಲಿ ನೆಲೆ ಕಂಡ ಟಿಬೆಟಿಯನ್ನರು ಮನೆಮಾರುಗಳನ್ನು ಬಿಟ್ಟುಬಂದವರು. ಆದರೂ ಡ್ರೆಪುಂಗ್, ಗಾಂದೆನ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿ, ತಾವು ಉಳಿಸಿಕೊಂಡ ವಿದ್ಯೆಯನ್ನು ಕಲಿಸುತ್ತಿದ್ದಾರೆ.

ಮುಂದೊಮ್ಮೆ ಅತ್ತ ಹೋದಾಗ, ಬಾಗಿಲಲ್ಲಿ ಆ ಮುಂಗುಸಿಯಿದೆಯೇ ಎಂದು ಹುಡುಕಿ ನೋಡಿ. ಕಂಡರೆ, ಮಕ್ಕಳಿಗೂ ತೋರಿಸಿ.