ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಸಾಕೇ?

ಪ್ರಶ್ನೆ: ಕಂಪ್ಯೂಟರಿನ ಹೊಸ ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬಂದಿದೆ. ಬೇರೆ ಕೊಳ್ಳಬೇಕೇ?

ಉತ್ತರ: ಟೈಪಿಂಗ್, ಬಿಲ್ಲಿಂಗ್, ಇಂಟರ್ನೆಟ್ಟಿಗಷ್ಟೇ ಆದರೆ ಸಾಮಾನ್ಯವಾಗಿ ಸಾಕು. ಗ್ರಾಫಿಕ್ಸ್ ಕಾರ್ಡ್ ಹಾಕುವುದಿದ್ದರೆ ಖಂಡಿತ ಬೇರೆ ಕೊಳ್ಳಿ. ದೊಡ್ಡಕ್ಷರದ 450 ನೋಡಿ ನಂಬಬೇಡಿ. ಪಕ್ಕದ ಸ್ಟಿಕ್ಕರಿನಲ್ಲಿ +12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಇದೆ ಓದಿ. 16 ಎಂದಿದ್ದರೆ 12×16, ಅಂದರೆ 192 ವ್ಯಾಟ್ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಮುಖ್ಯವಾಗಿ ಕರೆಂಟು ಬರುವುದು ಅಲ್ಲಿಂದಲೇ. ಕಾರ್ಡಿನ 8 ಪಿನ್ ಕನೆಕ್ಟರ್ ಒಂದಕ್ಕೇ 150 ವ್ಯಾಟ್‌ವರೆಗೆ ಬೇಕಾಗಬಹುದು. ಸಾಲದೆ ಹೋದರೆ ಗೇಮ್ ನಡುವೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಬಹುದು. ಅಷ್ಟಾದರೆ ಪರವಾಗಿಲ್ಲ, ರಕ್ಷಣಾ ಸರ್ಕ್ಯೂಟ್ ಸರಿಯಿಲ್ಲದ ಎಸ್‌ಎಂಪಿಎಸ್ ಕೆಟ್ಟಾಗ ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್‌ಗಳನ್ನೂ ಸುಡಬಹುದು. ನನ್ನ ನಿಜವಾದ ಆತಂಕ ಇದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಸ್‌ಎಂಪಿಎಸ್ ಬಿಡಿಯಾಗಿ ಸಿಗುತ್ತದೆ. ದಕ್ಷತೆ ಸೂಚಿಸುವ 80 ಪ್ಲಸ್ ಗುರುತು, ವಾರಂಟಿ ಎರಡನ್ನೂ ನೋಡಿ ತನ್ನಿ.