ಮಗುವಿನ ಮೊದಲ ಪಾಠಶಾಲೆ ಮನೆ

"ನಮಗೇ ಸರಿಯಾಗಿ ಓದಲು ಬರುವುದಿಲ್ಲ, ಮಗುವಿಗೆ ಏನು ಕಲಿಸುವುದು ಫಾದರ್?" ಎಂದು ಕೆಲವು ಹೆತ್ತವರು ಕೇಳುವುದುಂಟು. ಹೆತ್ತವರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ಸಾರಿದೆ. ಅದಕ್ಕೆ ಪದವಿ ಬೇಕಿಲ್ಲ.

ಮಗು ಅಕ್ಷರ ಕಲಿಯುವ ಮೊದಲೇ ಮಾತು ಕೇಳಿ ಪದಗಳನ್ನು ಗಳಿಸುತ್ತದೆ. ಆದ್ದರಿಂದ ಮನೆಯಲ್ಲಿ ಕೊಂಕಣಿಯಲ್ಲೇ ಧಾರಾಳವಾಗಿ ಮಾತನಾಡಿರಿ. ಶಾಲೆಯ ಕನ್ನಡ, ಇಂಗ್ಲಿಷ್ ಕಲಿಕೆಗೂ ಅದೇ ಬುನಾದಿ. ರಾತ್ರಿ ತೇರ್ಸ್ ಮುಗಿದ ಮೇಲೆ ಟಿವಿ, ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಚಿತ್ರಪುಸ್ತಕ ತೆರೆಯಿರಿ. ಓದಲು ಬಾರದಿದ್ದರೆ ಚಿತ್ರ ತೋರಿಸಿ ಕಥೆ ಹೇಳಿರಿ, "ಮುಂದೇನಾಯಿತು?" ಎಂದು ಕೇಳಿರಿ. ತಪ್ಪು ಹೇಳಿದರೆ ಗದರಬೇಡಿ. ಪ್ರಾಸದ ಹಾಡುಗಳು ಅಕ್ಷರದ ಧ್ವನಿ ಗುರುತಿಸಲು ನೆರವಾಗುತ್ತವೆ.

ಓದು ಬಾರದ ಹೆತ್ತವರಿಗೆ ವಾಳೆಯ ಗುರಿಕಾರರು ಈ ಧೈರ್ಯ ತುಂಬಲಿ.